ಆಯಿಯ ಬೆರಳಿನ ಅಳತೆಯ ಹಡಗು

ನಮ್ಮ ಹೊಳೆಮಣ್ಣೂರಿನ ಮನೆಗಳಿಗೆ ಇನ್ನೂ ಕರೆಂಟು ಬಂದಿರದ ಕಾಲ ಅದು. ಸಂಜಿ ಆತಂದ್ರೆ ಅವ್ವ ಕಂದೀಲಿನ ಗಾಜು ಒರೆಸುತ್ತ ಕೂಡುತ್ತಿದ್ದಳು. ಹಂಚಿನ ಮೇಲೆ ಸಜ್ಜಿರೊಟ್ಟಿಗೆ ಹಚ್ಚಿದ ಎಳ್ಳು ಚಟಚಟ ಅನ್ನುತ್ತಿತ್ತು. ಅಂಥ ಚಳಿಗಾಲದಾಗ ಬೆಳೆದವರು ನೀವಾಗಿದ್ದರೆ ಆ ಎಳ್ಳಿನ ವಾಸನೆ ನಿಮಗೂ ಗೊತ್ತು. ನಾನು ಸಾಲಿ ಕಲಿತದ್ದು ನಾಲ್ಕನೇ ಇಯತ್ತೆವರೆಗೆ ಅಷ್ಟೇ. ಬರೆಯುವ ರೂಢಿ ಇಲ್ಲ. ಆದರೆ ನಿನ್ನೆ ನನ್ನ ಮೊಮ್ಮಗಳು ವಿದ್ಯಾ ಒಂದು ಯುದ್ಧದ ಹಡಗಿನ ಮಾದರಿ ಕಟ್ಟಿ ಮುಗಿಸಿ ನನ್ನ ಮುಂದೆ ತಂದಿಟ್ಟಳು. ಆಗಿನಿಂದ ಹಿಗ್ಗು ಎದೆಯಾಗ ಹಿಡಿಸುವಲ್ಲದು. ಅದಕ್ಕೇ ಪೆನ್ನು ಹಿಡಿದೇನಿ.

ಯಾಕಂದರೆ ನಮ್ಮ ಮನೆಯೊಳಗೆ ಹಡಗು ಕಟ್ಟಿದ್ದು ಇದು ಎರಡನೇ ಸಲ.

ನನ್ನಪ್ಪ ಊರ ಬಡಿಗ. ಚಕ್ಕಡಿ, ಕೂರಿಗೆ, ಬಾಗಿಲು, ತೊಟ್ಟಿಲು, ಎಲ್ಲಾ ಅವನ ಕೈಯಿಂದಲೇ ಆಗಬೇಕು. ಅವನ ತಮ್ಮ ಈರಪ್ಪ, ನನ್ನ ಕಾಕಾ, ನೌಕಾದಳ ಸೇರಿದ್ದ. ನಮ್ಮ ಸುತ್ತಿನ ಹಳ್ಳಿಗಳಿಂದ ಮಿಲಿಟರಿಗೆ ಹೋದವರು ಬೇಕಾದಷ್ಟು ಮಂದಿ ಇದ್ದರು. ಹಡಗು ಹತ್ತಿದವನು ಅವನೊಬ್ಬನೇ. ಅವರಿಬ್ಬರ ತಾಯಿ, ನಮ್ಮ ಆಯಿ, ಎರಡೂ ಕಣ್ಣು ಕಳೆದುಕೊಂಡು ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ಅಜ್ಜನನ್ನು ಹೊಳೆ ಒಯ್ದಿತ್ತು. ಮಹಾಪೂರ ಬಂದಾಗ ದಂಡೆಯ ಮೇಲೆ ಕಟ್ಟಿದ ಎತ್ತು ಬಿಚ್ಚಲಿಕ್ಕೆ ಹೋದವನು ತಿರುಗಿ ಬರಲಿಲ್ಲ. ಆಯಿಗೆ ನೀರು ಅಂದರೆ ಅದೇ.

ಆ ವರ್ಷ ಯುದ್ಧ ಶುರುವಾಯಿತು. ಪಂಚಾಯತಿ ಕಟ್ಟೆಯ ರೇಡಿಯೋದಲ್ಲಿ ಸಮುದ್ರದ ಸುದ್ದಿಯೂ ಬಂತು. ಕೇಳಿದ ದಿನದಿಂದ ಆಯಿ ರೊಟ್ಟಿ ಮುಟ್ಟುವುದನ್ನು ಬಿಟ್ಟಳು. ಅವ್ವ ಗಂಜಿ ಮಾಡಿ ಕೊಟ್ಟರೆ ಎರಡು ಗುಟುಕು, ಅಷ್ಟೇ. ದಿನದಿನಕ್ಕೆ ಅವಳ ಕೈಯೊಳಗಿನ ಬೆಳ್ಳಿ ಕಡಗ ಮೊಣಕೈವರೆಗೆ ಸರಿಯತೊಡಗಿತು.

"ಯವ್ವಾ, ಹಿಂಗ ಮಾಡಿದ್ರ ಅವ ಬರೂತನಕ ನೀನ ಉಳಿಯೂದಿಲ್ಲ," ಅಂದ ಅಪ್ಪ.

"ನಾ ಏನ್ ಮಾಡ್ಲೋ? ನೆಲದ ಮ್ಯಾಲ ಇದ್ದಿದ್ರ ಹೆಂಗರ ತಡಕೋತಿದ್ದೆ. ನೀರ ಮ್ಯಾಲ ಅದಾನ. ಎಲ್ಲೆ ತಲಿ ಇಡತಾನ, ಎಲ್ಲೆ ಕಾಲ ಚಾಚತಾನ, ನನಗ ತಿಳಿವಲ್ದು. ತಿಳೀದಿದ್ರ ತುತ್ತು ಗಂಟಲದಾಗ ಇಳಿಯೂದಿಲ್ಲ."

ಗೋಡೆಗೆ ಕಾಕಾ ಹಿಂದಿನ ಸಲ ತಂದ ಫೋಟೋ ನೇತುಹಾಕಿದ್ದೆವು, ಅವನ ಹಡಗಿನದು. ಅಪ್ಪ ಅದನ್ನು ಇಳಿಸಿ ಬಿಸಿಲಿಗೆ ಒಯ್ದು ನೋಡಿದ. ಬಂದು ಆಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಯವ್ವಾ, ಬೆರಳ ಕೊಡು."

ಆಯಿ ಕೊಟ್ಟಳು. ಅವಳ ತೋರುಬೆರಳಿಗೆ ಅಪ್ಪ ದಾರ ಸುತ್ತಿ ಅಳತೆ ತೆಗೆದುಕೊಂಡ.

"ಈ ಬೆರಳು ಬಾಗಲದಾಗ ಹೋಗಬೇಕು. ಬಾಗಲ ಇಷ್ಟಾದ್ರ ಹಡಗ ಎಷ್ಟಾತು ಅಂತ ತಗೀತೀನಿ."

ಫೋಟೋದಲ್ಲಿ ಹಡಗಿನ ಮೇಲುಗಡೆ ಒಂದು ಸಣ್ಣ ಬಾಗಿಲು ಕಾಣುತ್ತಿತ್ತು. ಅದರಷ್ಟಗಲದ ಕಸಬರಿಗೆ ಕಡ್ಡಿಯ ಚೂರು ಮುರಿದು, ಆ ಚೂರನ್ನು ಹಡಗಿನ ಉದ್ದಕ್ಕೂ ಸರಿಸುತ್ತ ಸರಿಸುತ್ತ ಎಣಿಸಿದ. ಆಮೇಲೆ ಬೆರಳಿನ ಅಗಲ ಅಷ್ಟು ಸಲ ಇಟ್ಟು ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಐದು ಮೊಳಕ್ಕೆ ಹತ್ತಿರ ಬಂತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಏನ್ರೀ ಇದು? ನಾವು ಮಲಗೂದೆಲ್ಲೆ?"

"ಹಡಗದಾಗ ಮಲಕೋರಿ," ಅಂದ ಅಪ್ಪ.

ಆವತ್ತಿನಿಂದ ನಮ್ಮ ಪಡಸಾಲೆಯ ತುಂಬ ಹುಣಸೆಬೀಜದ ಅಂಟಿನ ವಾಸನೆ. ಬೀಜ ಹುರಿದು ಕುಟ್ಟಿ ಕುದಿಸುವ ಕೆಲಸ ನನ್ನದು. ಹಗುರ ಕಟ್ಟಿಗೆಯ ಪಕ್ಕೆಲುಬು, ಅದರ ಮೇಲೆ ಎಣ್ಣೆ ಡಬ್ಬಿ ಸೀಳಿ ಬಡಿದ ತಗಡು. ತೋಪಿನ ಕೊಳವೆ ಬಿದಿರಿನವು. ಅಂಚಿನ ಕಂಬಿಗೆ ಹಳೆಯ ಛತ್ರಿಯ ಕಡ್ಡಿ. ಲಂಗರಿನ ಸರಪಳಿಗೆ ಅವ್ವ ತನ್ನ ದೇವರ ದೀಪದ ಸರಪಳಿಯನ್ನೇ ಬಿಚ್ಚಿ ಕೊಟ್ಟಳು. ಗೆಳತಿಯರು ಕುಂಟಾಬಿಲ್ಲೆ ಆಡಲಿಕ್ಕೆ ಕರೆದರೂ ನಾನು ಹೋಗುತ್ತಿರಲಿಲ್ಲ.

ಸುಗ್ಗಿ ಹತ್ತಿರ ಬಂದಿತ್ತು. ಚಕ್ಕಡಿಯ ಗಾಲಿ ದುರಸ್ತಿಗೆ ಕೊಟ್ಟಿದ್ದ ರೈತ ಭೀಮಪ್ಪ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಏನೋ ಬಡಿಗ್ಯಾ, ನಮ್ಮ ಮಲಪ್ರಭಿ ಹೊಳ್ಯಾಗ ಯುದ್ಧ ಹೂಡಿಯೇನು? ಮಣಕಾಲುದ್ದ ನೀರಿಲ್ಲ ಈಗ!"

"ನಿನ್ನ ಗಾಲಿ ನಾಳಿಗಿ ಕೊಡತೀನೋ ಮಾರಾಯ."

"ನಿನ್ನೆನೂ ನಾಳಿಗೇ ಅಂದಿ."

ಆಯಿ ಒಳಗಿನಿಂದ ಕೂಗಿದಳು, "ಭೀಮ್ಯಾ, ನಿನ್ನ ಜ್ವಾಳ ಎಲ್ಲೂ ಓಡಿ ಹೋಗೂದಿಲ್ಲ. ಕುಂದರು, ಚಾ ಕುಡದು ಹೋಗು." ಭೀಮಪ್ಪ ನಗುತ್ತ ಕೂತ. ಕೂತವನು ಎರಡು ತಾಸು ತಗಡು ಹಿಡಿದುಕೊಟ್ಟು ಎದ್ದ.

ಕಾಕಾನ ಖೋಲಿ ಯಾವುದು ಅಂತ ನಮಗೆ ಯಾರಿಗೆ ಗೊತ್ತು? ಫೋಟೋದಲ್ಲಿ ಕಾಣುತ್ತಿದ್ದ ಆ ಮೇಲಿನ ಬಾಗಿಲಿನದೇ ಅಂತ ಅಪ್ಪ ಠರಾಯಿಸಿದ. ನೀರಿನಿಂದ ದೂರ ಇರಲಿ ಅಂತ. ಬಾಗಿಲು ಕೂಡಿಸುವಾಗ, ಮನೆ ಕಟ್ಟುವಾಗ ಮಾಡುವ ಹಾಗೆಯೇ, ಮೊದಲು ಹೊಸ್ತಿಲು ಇಟ್ಟ. ಹೊಸ್ತಿಲಿಗೆ ಅರಿಷಿಣ ಕುಂಕುಮ ಏರಿಸಿ, ಕೆಳಗೆ ನಾಲ್ಕು ಜೋಳದ ಕಾಳು ಹಾಕಿದ. ಒಳಗೆ ಮಲಗಲಿಕ್ಕೆ ಸಣ್ಣದೊಂದು ಹೊರಸು. ಗೋಡೆಯಲ್ಲಿ ದೀಪ ಇಡುವ ಮಾಡ. ಕೆತ್ತಿ ಮುಗಿಸಿದ ಮೇಲೆಯೇ ಅವನಿಗೆ ಸಂಶಯ ಬಂತು.

"ಹಡಗಕ್ಕ ಹೊಸ್ತಿಲ ಇರತಾವೇನ?"

"ಮಂದಿ ಇರತಾರಂದ್ರ ಹೊಸ್ತಿಲ ಇರತೈತಿ ತಗೋರಿ," ಅಂದಳು ಅವ್ವ.

ಇನ್ನು ಬಣ್ಣ. ಫೋಟೋದಲ್ಲಿ ಹಡಗು ಬೂದಿಯಾಗಿ ಕಾಣುತ್ತಿತ್ತು. ನಾನು ಬೂದಿ ಬಣ್ಣ ಹಚ್ಚೋಣ ಅಂದೆ.

"ಫೋಟೋದಾಗ ಎಲ್ಲಾ ಬೂದಿನ ಕಾಣತೈತಿ," ಅಂದ ಅಪ್ಪ. "ನಿಮ್ಮವ್ವನ ಮದವಿ ಫೋಟೋ ನೋಡು. ಬೂದಿ ಸೀರಿ ಉಟ್ಟಾಳೇನ? ಹಸರ ಪತ್ಲ ಅದು. ಈ ಹಡಗೂ ಹಸರ ಇರಬೇಕು."

"ಕಣ್ಣ ಕಾಣಲಾರದಾಕಿಗೆ ಬಣ್ಣ ಯಾಕ್ರಿ?" ಅಂತ ಅವ್ವ ಮೆಲ್ಲಗೆ ಕೇಳಿದ್ದು ಆಯಿಯ ಕಿವಿಗೆ ಬಿತ್ತು.

"ಬಣ್ಣ ಹಚ್ಚಲಾರದ ಚಕ್ಕಡಿ ಈ ಮನ್ಯಾಗಿಂದ ಎಂದರ ಹೊರಗ ಹೋಗೇತೇನ? ನನ್ನ ಮಗ ಇರೂ ಮನಿ ಅದು. ಹಚ್ಚರಿ."

ಚಕ್ಕಡಿಗೆ ತಂದ ಬಣ್ಣವನ್ನೇ ಹಚ್ಚಿದೆವು. ಮೈಯೆಲ್ಲ ಹಸಿರು, ಅಂಚಿಗೆ ಹಳದಿ ಪಟ್ಟಿ, ತೋಪಿನ ತುದಿಗೆ ಎತ್ತಿನ ಕೋಡಿಗೆ ಹಚ್ಚಿದ ಹಾಗೆ ಕೆಂಪು. ನಾನು ಪಟ್ಟಿ ಎಳೆಯುವಾಗ ಆಯಿ ಪಕ್ಕದಲ್ಲಿ ಕೂತು ಬಣ್ಣದ ವಾಸನೆ ಎಳೆದುಕೊಳ್ಳುತ್ತಿದ್ದಳು. "ಸೊಟ್ಟ ಎಳೀಬ್ಯಾಡ ಶಾಂತೀ," ಅನ್ನುತ್ತಿದ್ದಳು, ಕಂಡವಳ ಹಾಗೆ.

ಬಣ್ಣ ಒಣಗಿದ ಮೇಲೆ ಅಪ್ಪ ಅವಳ ಕೈ ಹಿಡಿದು ಮೂತಿಯಿಂದ ಹಿಂದಿನವರೆಗೆ ಸವರಿಸಿದ. "ಇದು ತೋಪು. ಇದು ಕಂಬಿ, ಬೀಳಬಾರ್ದಂತ ಹಿಡಕೊಳ್ಳಾಕ. ಇದು ಈರಪ್ಪನ ಬಾಗಲ." ಆಯಿಯ ಬೆರಳು ಒಳಗೆ ಹೋಯಿತು. ಹೊಸ್ತಿಲ ಮೇಲೆ ನಿಂತಿತು, ಆಮೇಲೆ ದಾಟಿತು. ಹೊರಸು ಮುಟ್ಟಿತು. ಮಾಡಕ್ಕೆ ಬಂದು ಅಲ್ಲಿಯೇ ಉಳಿಯಿತು.

"ದೀಪ ಇಟ್ಟಾರ," ಅಂದಳು.

ಆ ಸಂಜೆ ಅರ್ಧ ರೊಟ್ಟಿ ಉಂಡಳು. ಅವ್ವ ಒಲೆಯ ಕಡೆ ಮುಖ ತಿರುಗಿಸಿ ಅತ್ತಳು. ಆಮೇಲೆ ದಿನಾ ಉಣ್ಣುವ ಮುಂಚೆ ಆಯಿ ಹಡಗಿನ ಹತ್ತಿರ ಹೋಗಿ ಆ ಖೋಲಿಯೊಳಗೆ ಬೆರಳಿಟ್ಟು ಬರುವಳು. ಮಗ ಮಲಗಿದ್ದಾನೆ ಅಂತ ಖಾತ್ರಿ ಮಾಡಿಕೊಂಡು ಬಂದ ಹಾಗೆ.

ಯುದ್ಧ ಮುಗಿಯಿತು. ಹೊಲದಲ್ಲಿ ಎಳೆ ಜೋಳದ ಸೀತನಿ ಸುಡುವ ಹೊತ್ತಿಗೆ ಕಾಕಾ ರಜೆ ಮೇಲೆ ಬಂದ. ಆಯಿ ಅವನ ಮುಖ, ಹೆಗಲು, ಕೈಬೆರಳು ಎಲ್ಲಾ ಸವರಿದಳು. ಆಮೇಲೆ ಅವನು ಪಡಸಾಲೆಯ ತುಂಬ ನಿಂತಿದ್ದ ಹಸಿರು ಹಡಗು ನೋಡಿ ಚೀಲ ಕೈಯಲ್ಲೇ ಹಿಡಿದು ನಿಂತುಬಿಟ್ಟ.

"ಯಣ್ಣಾ, ಹಡಗ ಖರೇನ ಬೂದಿ ಬಣ್ಣದ್ದ!"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ತಲೆ ಕೆರೆದುಕೊಂಡ. "ಹಂಗಾರ ತಿಕ್ಕಿ ಬೂದಿ ಬಳಿಯೂಣು."

"ಯಾರೂ ಮುಟ್ಟಬ್ಯಾಡ್ರಿ," ಅಂದಳು ಆಯಿ. ಮಗನ ಕೈ ಎಳೆದು ಕೂಡಿಸಿಕೊಂಡು, ಅವನ ಬೆರಳನ್ನು ತಾನೇ ಬಾಗಿಲೊಳಗೆ ಇಡಿಸಿದಳು. ಕಾಕಾನ ಬೆರಳು ಹೊಸ್ತಿಲಿಗೆ ತಾಗಿತು.

"ಹೊಸ್ತಿಲ ಇಡಬೇಕಂತ ನಿನಗ ಯಾರ ಹೇಳಿದ್ರೋ ಯಣ್ಣಾ?"

"ಹೊಸ್ತಿಲ ಇಲ್ದ ಬಾಗಲ ನಾ ಹ್ಯಾಂಗ ಕೂಡಸ್ಲಿ? ತಪ್ಪಾತೇನ?"

"ಇಲ್ಲ. ನಮ್ಮ ಹಡಗದಾಗ ಬಾಗಲ ಬಾಗಲಕ್ಕೂ ಹೊಸ್ತಿಲ ಐತಿ. ಎತ್ತರದ ಹೊಸ್ತಿಲ. ನೀರ ದಾಟಿ ಒಳಗ ಬರಬಾರ್ದಂತ."

ಆಯಿಯ ಮುಖ ಅರಳಿತು. "ಕಟ್ಟಿದವರು ಮಕ್ಕಳ ತಂದಿ ಇರಬೇಕು," ಅಂದಳು. ಆಮೇಲೆ ಕೇಳಿದಳು, "ಇಲ್ಲೇ ಮಲಗತಿ ಅಲ್ಲೋ?"

ಕಾಕಾ ಬಾಗಿಲೊಳಗಿನ ಬೆರಳು ತೆಗೆಯದೆ ತಲೆ ಎತ್ತಿದ. ಅಪ್ಪ ಅವನನ್ನೇ ನೋಡುತ್ತಿದ್ದ.

"ಹೂಂ ಬೇ. ಅಲ್ಲೇ."

"ಗಾಳಿ ಬರತೈತಿ?"

"ಬರತೈತಿ."

"ದೀಪ?"

"ದೀಪ ಆರೂದ ಇಲ್ಲ ಬೇ."

ಮರುದಿನ ಮುಂಜಾನೆ ಕಟ್ಟೆಯ ಮೇಲೆ ಬೇವಿನ ಕಡ್ಡಿ ಕಚ್ಚುತ್ತ ಅವನು ಅಪ್ಪನಿಗೆ ಹೇಳಿದ್ದು ನಾನು ಅಂಗಳಕ್ಕೆ ನೀರು ಹೊಡೆಯುತ್ತ ಕೇಳಿದೆ.

"ಯಣ್ಣಾ, ಆ ಮ್ಯಾಲಿನ ಖೋಲಿ ಸಾಹೇಬ್ರದ್ದು. ನಾವು ಮಲಗೂದು ತಳದಾಗ, ನೀರಿನ ಮಟ್ಟಕ್ಕಿಂತ ಕೆಳಗ. ತಲಿ ಇಡೂ ತಗಡಿನ ಆಚೀಕಡೆ ಸಮುದ್ರ. ಕಿವಿ ಹಚ್ಚಿದ್ರ ನೀರ ಕೇಳತೈತಿ."

ಅಪ್ಪ ಒಳಗೆ ಆಯಿಯ ಕಡೆ ಹೊರಳಿ ನೋಡಿದ. "ಯವ್ವಗ ಹೇಳಬ್ಯಾಡ," ಅಂದ.

"ಹೇಳೂದಿಲ್ಲ. ಇನ್ನ ಮುಂದ ನಾನೂ ನೀ ಕಟ್ಟಿದ ಖೋಲ್ಯಾಗ ಮಲಗೇನಂತ ತಿಳಕೋತೀನಿ."

ಆಯಿ ಆಮೇಲೆ ಎಷ್ಟೋ ಸುಗ್ಗಿ ಬದುಕಿದಳು. ಕಡೆಯವರೆಗೂ ಅವಳ ಮಗ ಮೇಲಿನ ಖೋಲಿಯಲ್ಲೇ ಮಲಗಿದ. ಆಯಿ ಹೋದಳು, ಅಪ್ಪ ಹೋದ, ಪೆನ್ಷನ್ ಮೇಲೆ ಬಂದ ಕಾಕಾನೂ ಹೋದ. ನಡುವೆ ಒಂದು ಮಳೆಗಾಲ ಹೊಳೆ ಊರೊಳಗೆ ನುಗ್ಗಿತು. ನಾವೆಲ್ಲ ದಿನ್ನೆ ಹತ್ತಿ ಕೂತೆವು. ನೀರು ಇಳಿದ ಮೇಲೆ ಬಂದು ನೋಡಿದರೆ ಪಡಸಾಲೆಯ ಗೋಡೆಯೂ ಇರಲಿಲ್ಲ, ಹಡಗೂ ಇರಲಿಲ್ಲ. ತೇಲಿ ಹೋಯಿತೋ ಮುಳುಗಿ ಹೋಯಿತೋ, ಕಂಡವರಿಲ್ಲ.

ಈಗ ನಾನೇ ಆಯಿ ಆಗೇನಿ. ನರಗುಂದದಲ್ಲಿ ಮಗನ ಮನೆಯಲ್ಲಿ ಇದ್ದೇನಿ. ಕಾಲೇಜು ಕಲಿಯುವ ವಿದ್ಯಾ, ಕಾಕಾನ ಕಥೆ ಕೇಳಿ ಕೇಳಿ, ಪೆಟ್ಟಿಗೆಯೊಳಗೆ ಬಂದ ತುಂಡುಗಳನ್ನು ಅಂಟಿಸಿ ತಿಂಗಳುಗಟ್ಟಲೆ ಕೂತು ಹಡಗು ಕಟ್ಟಿದಳು. ಫೋನಿನಲ್ಲಿ ಹಡಗಿನ ಎಲ್ಲಾ ಮಗ್ಗಲು ನೋಡಿದಳು, ಮೇಲೆ, ಕೆಳಗೆ, ಒಳಗೆ. ಬೂದಿ ಬಣ್ಣ ಬಳಿಯುವಾಗ ನನ್ನ ಕೈಗೂ ಸಣ್ಣ ಕುಂಚ ಕೊಟ್ಟಳು. "ಸೊಟ್ಟ ಎಳೀಬ್ಯಾಡ ಆಯಿ," ಅಂದಳು. ನನಗೆ ನಗುವೂ ಬಂತು, ಕಣ್ಣೂ ತುಂಬಿದವು. ಎಷ್ಟು ಸುಖ ಅಂತೀರಿ! ಕಾಕಾನ ಹಡಗು ಮತ್ತೆ ನಮ್ಮ ಮನೆಗೆ ಬಂದಿದೆ.

"ಅಳತಿ ಎಲ್ಲಾ ಬರೋಬ್ಬರಿ ಐತಿ ಆಯಿ. ಒಂದು ಕೂದಲೆಳಿನೂ ಹೆಚ್ಚುಕಮ್ಮಿ ಇಲ್ಲ. ನೋಡು, ಮಂದಿ ಮಲಗೂದು ಇಲ್ಲೆ, ತಳದಾಗ."

"ಹೌದು ನನ್ನವ್ವಾ, ಬರೋಬ್ಬರಿ," ಅಂದೆ.

ಅವಳು ಚಹಾ ತರಲಿಕ್ಕೆ ಒಳಗೆ ಹೋದಾಗ ಮೇಲಿನ ಬಾಗಿಲು ಹುಡುಕಿದೆ. ಇತ್ತು. ಜೋಳದ ಕಾಳಿಗಿಂತ ಸಣ್ಣದು. ಕಣ್ಣು ಮುಚ್ಚಿ ತೋರುಬೆರಳು ತಂದು ಇಟ್ಟೆ. ಬೆರಳು ಹೊಸ್ತಿಲಿನ ಹೊರಗೇ ನಿಂತಿತು.