ಘಾಸಿನ ಮೇಲಿನ ಹಳದಿ ದಾರ

ನಾನು ಚಿಕ್ಕವಳಿದ್ದಾಗ, ವಾಗದರಿಯ ನಮ್ಮ ಬಾವಿಯ ಪಕ್ಕದಲ್ಲಿ ಒಂದು ತುಂಡು ಘಾಸು ಇತ್ತು. ಎಮ್ಮೆಗೆಂದು ಬೆಳೆಸುವ ಕುದುರೆಮೆಂತೆಯನ್ನು ನಾವು ಹಾಗೆ ಕರೆಯುತ್ತಿದ್ದೆವು. ನೀರು ಬಿಟ್ಟ ಮುಂಜಾನೆ ಅದರ ಹಸಿ ವಾಸನೆ ಹೊಲದ ತುಂಬ ಇರುತ್ತಿತ್ತು.

ಒಂದು ದಿನ ಅಕ್ಕನೊಂದಿಗೆ ಘಾಸು ಕೊಯ್ಯಲು ಹೋದಾಗ ಅದರ ಮೇಲೆ ಹಳದಿ ದಾರ ಹರವಿದಂತೆ ಕಂಡಿತು. ಎಲೆಯಿಲ್ಲ, ಹೂವಿಲ್ಲ. ಹಸಿ ಶಾವಿಗೆಯಂತೆ ನುಣ್ಣಗಿತ್ತು. ಅಕ್ಕ ಕುಡುಗೋಲು ಕೆಳಗಿಟ್ಟಳು. "ಮುಟ್ಟಬ್ಯಾಡ. ಅರಿಷಿಣದ ದಾರ. ಯಾರೋ ಮಾಟ ಮಾಡ್ಯಾರ."

ಆ ಯಾರೋ ಯಾರೆಂದು ಅವ್ವ ಆಗಲೇ ತೀರ್ಮಾನಿಸಿದಳು. ಬದುವಿನ ಆಚೆಯ ಹೊಲದಾಕೆ, ನಾವು ಕಾಕು ಎಂದು ಕರೆಯುವವಳು. ಕೆಲವು ದಿನಗಳಿಂದ ಆಕೆ ನಮ್ಮ ಕಡೆ ಮುಖ ಹಾಕಿರಲಿಲ್ಲ. "ನಮ್ಮ ಎಮ್ಮಿ ಹಾಲು ನೋಡಿ ಹೊಟ್ಟಿಕಿಚ್ಚು," ಎಂದಳು ಅವ್ವ. ಇನ್ನು ಆ ಮನೆಗೆ ಕಾಲಿಡಬಾರದೆಂದು ನನಗೂ ಹೇಳಿದಳು. ನನಗೆ ದಿನಾ ಹೆರಳು ಹಾಕುತ್ತಿದ್ದವಳು ಕಾಕು. ಅಳು ಬಂತು.

ಅಪ್ಪ ಒಂದು ದಾರ ಹಿಡಿದು ಬೆರಳಿನಿಂದ ಅದರ ಜಾಡು ಹಿಡಿದ. ಅದು ನೆಲಕ್ಕೆ ಇಳಿದೇ ಇರಲಿಲ್ಲ. ಘಾಸಿನ ದಂಟಿಗೆ ಸುತ್ತಿಕೊಂಡು ಅದರೊಳಗೇ ಸಣ್ಣ ಹಲ್ಲು ಊರಿತ್ತು. ಎಳೆದರೆ ಚೂರು ಅಲ್ಲೇ ಉಳಿಯಿತು.

"ಮಾಟ ಅಲ್ಲ, ಕಸ ಇದು. ಅಮರವೇಲ ಅನ್ನೋ ಬಳ್ಳಿ. ಹುಲಜಂತಿ ಹಾದ್ಯಾಗ ಬಾರಿಹಣ್ಣಿನ ಗಿಡದ ಮ್ಯಾಲ ಇಂಥಾದ್ದು ನೋಡೀನಿ."

"ಕಸ ಆದ್ರ ಅದರ ಬೀಜ ಯಾರು ಚೆಲ್ಲಿದ್ರು?" ಎಂದಳು ಅವ್ವ.

ಅಪ್ಪ ಮನೆಗೆ ಹೋಗಿ, ಬಿತ್ತಿ ಉಳಿದ ಬೀಜವನ್ನು ಮೊರಕ್ಕೆ ಸುರಿದ. ನಯವಾದ ಘಾಸಿನ ಬೀಜದ ನಡುವೆ ದುಂಡನೆಯ, ಒರಟು ಬೂದು ಕಾಳುಗಳಿದ್ದವು, ಆ ಕಸದ ಬೀಜ. ಅಕ್ಕಲಕೋಟ ಪೇಟೆಯಲ್ಲಿ ಕಾಕು ಮನೆಯವರೊಂದಿಗೆ ಸೇರಿ ಕೊಂಡ ಬೀಜ ಅದು. ಅಪ್ಪ ಮೊರ ಹಿಡಿದು ಬದು ದಾಟಿದ. ನಾನು ಹಿಂದೆ ಹೋದೆ.

ಕಾಕು ತನ್ನ ಘಾಸಿನಲ್ಲಿ ಕೋಲು ನೆಟ್ಟು, ನಮ್ಮ ಬಾವಿಯ ಕಡೆಗೇ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ಕೆಳಗೆ ಅದೇ ಹಳದಿ ದಾರ.

"ಬರ್ರಿ. ನಿಮ್ಮ ಹೆಂಡತಿ ಹಾಕಿದ ದಾರ ಸುತಗೊಂಡು ಹೋಗಾಕ ಬಂದೀರೇನು?"

ಅಪ್ಪ ನಕ್ಕ. "ಆಕಿನೂ ನಿಮ್ಮ ಹೆಸರೇ ಹೇಳಾಕತ್ತಾಳ್ರಿ ವೈನಿ," ಎಂದು ಮೊರ ಮುಂದೆ ಹಿಡಿದು ಬೂದು ಕಾಳು ತೋರಿಸಿದ.

ಅಂದೇ ಎರಡೂ ಮನೆಯವರು ಕೆಲಸಕ್ಕೆ ಇಳಿದೆವು. ದಾರವನ್ನು ಬಿಡಿಸಲಿಲ್ಲ. ಸುತ್ತ ಒಂದು ಗೇಣು ಹೆಚ್ಚೇ ಸೇರಿಸಿ, ಘಾಸಿನ ಸಮೇತ ನೆಲಮಟ್ಟಕ್ಕೆ ಕೊಯ್ದು ಗೋಣಿಚೀಲದಲ್ಲಿ ತುಂಬಿದೆವು. ಒಂದು ಎಳೆ ಬಿದ್ದರೂ ಮತ್ತೆ ಹಬ್ಬುತ್ತದೆ ಎಂದ ಅಪ್ಪ. ಎಮ್ಮೆಗೂ ಹಾಕಗೊಡಲಿಲ್ಲ. ಬೀಜವಿದ್ದರೆ ಸಗಣಿಯೊಂದಿಗೆ ಹೊಲಕ್ಕೇ ಮರಳುತ್ತದಂತೆ. ಮುಂದೆ ಒಣಗಿದ ಮೇಲೆ ಬೆಳೆಯಿಂದ ದೂರ ಸುಟ್ಟರು. ಕೊಯ್ಯುವಷ್ಟು ಹೊತ್ತೂ ಅವ್ವ ಕಾಕುವಿನ ಕೈಯನ್ನೇ ನೋಡುತ್ತಿದ್ದಳು, ಕಾಕು ಅವ್ವನ ಕೈಯನ್ನು.

ಅಂದು ಸಂಜೆ ಕಾಕು ನಮ್ಮ ಕಟ್ಟೆಯ ಮೇಲೆ ಕೂತು ನನಗೆ ಹೆರಳು ಹಾಕಿದಳು. ಮಾಟಕ್ಕೆ ಕೂದಲು ಬೇಕಾಗುತ್ತದೆಂದು ಅವ್ವ ಪಕ್ಕದಲ್ಲೇ ನಿಂತು, ಉದುರಿದ ಕೂದಲನ್ನೆಲ್ಲ ಆಯ್ದುಕೊಂಡಳು.

ಈಗ ಸೊಲ್ಲಾಪುರದ ನಮ್ಮ ಮನೆಯಲ್ಲಿ, ಮಕ್ಕಳೇ, ನೀವು ಫೋನು ಹಿಡಿದರೆ ಸಾಕು, ಗಿಡದ ಹೆಸರು ಬರುತ್ತದೆ. ಮೊನ್ನೆ ತುಳಸಿಯ ಮೇಲೆ ಹಳದಿ ದಾರ ಕಂಡಾಗಲೂ ಬಂತು. ಆದರೂ ಇಬ್ಬರೂ ಮೇಲಿನ ಮನೆಯವರ ಬಾಲ್ಕನಿ ನೋಡಿ, ಅವರೇ ಎಸೆದದ್ದು ಎಂದಿರಿ. ಕುಂಡ ನರ್ಸರಿಯಿಂದಲೇ ಹಾಗೆ ಬಂದಿರಬೇಕು ಎಂದೆ ನಾನು. ಆದರೆ ಮಕ್ಕಳೇ, ಕತ್ತರಿಸಿದ್ದನ್ನು ಚೀಲಕ್ಕೆ ತುಂಬಿ ಕಟ್ಟುವಾಗ ನಾನೂ ಒಮ್ಮೆ ಮೇಲೆ ನೋಡಿದೆ.