ಅಣ್ಣನಿರುವಾಗ ಬೇರೆ ಲಾಯರ್ ಯಾಕೆ

ಅಣ್ಣ ತೀರಿಕೊಂಡ ಮೇಲೆ ಇಲ್ಲಿನ ಸುವಾನಿ ಊರಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ: ಇಂಥ ಲಾಯರ್ ಇನ್ನು ಹುಟ್ಟುವುದಿಲ್ಲ. ಸುಳ್ಳಲ್ಲ. ಪ್ರತಿ ಶನಿವಾರ ಹತ್ತಿರದ ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಬಂದವರ ವೀಸಾ ತೊಡಕುಗಳನ್ನೆಲ್ಲ ಪುಕ್ಕಟೆ ಬಿಡಿಸುತ್ತಿದ್ದ. ನೇಪಾಳದವರು, ಮೆಕ್ಸಿಕೋದವರು, ಯಾರಾದರೂ ಸರಿ. ಹಾಗಂತ ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಜಾತಿಯೂ ಅಲ್ಲ. ಭಾನುವಾರ ನಮ್ಮ ಮನೆಗೆ ಬಂದು, ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಸಿಬೇಳೆಬಾತ್ ತಿನ್ನದಿದ್ದರೆ ಅವನಿಗೆ ವಾರ ಮುಗಿಯುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಕೊರೋನಾ ಬಂದ ವರ್ಷ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಸರದಿ ಇದ್ದಕ್ಕಿದ್ದಂತೆ ನಮ್ಮವರೆಗೂ ಬಂತು. ಯಾವಾಗ ಮತ್ತೆ ಹಿಂದೆ ಸರಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ಮಗಳಿಗೆ ಇಪ್ಪತ್ತೊಂದು ತುಂಬುವುದರೊಳಗೆ ಅರ್ಜಿ ಹೋಗದಿದ್ದರೆ ಅವಳು ನಮ್ಮ ವೀಸಾದಿಂದ ಹೊರಬೀಳುತ್ತಿದ್ದಳು. ನನ್ನ ಗಂಡನ ಕಂಪನಿಯ ಲಾಯರ್ ತಾನೇ ಮಾಡಿಕೊಡುತ್ತೇನೆ ಅಂದ. ಅದನ್ನು ಕೇಳಿ ಅಣ್ಣನ ಮುಖ ಕಪ್ಪಿಟ್ಟಿತು.

"ನಾನು ಬದುಕಿರೋವಾಗ ನನ್ನ ತಂಗಿ ಕೇಸನ್ನ ಇನ್ಯಾರೋ ಫೈಲ್ ಮಾಡ್ಬೇಕಾ?"

ಒಡಹುಟ್ಟಿದವನ ಮನಸ್ಸು ನೋಯಿಸಿ ಹೊರಗಿನವರ ಹತ್ತಿರ ಹೋಗುವುದು ನಮ್ಮಲ್ಲಿ ಉಂಟೇ? ಕಂಪನಿಯವನಿಗೆ ಬೇಡ ಅಂದೆವು.

ಆಮೇಲೆ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ. ಪಾಪ, ಶನಿವಾರ ಬರುವ ಜನಕ್ಕೆ ಬೇರೆ ದಿಕ್ಕಿಲ್ಲ, ಮೊದಲು ಅವರದು ಮುಗಿಸುತ್ತೇನೆ, ನಮ್ಮ ಮನೆಯದು ಎಲ್ಲಿ ಓಡಿಹೋಗುತ್ತದೆ? ಫೀಸು ಕೊಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಪ್ರೀತಿಗೆ ಮಾಡುವವನನ್ನು ಎಷ್ಟು ಅಂತ ಪೀಡಿಸುವುದು? ನೋಡನೋಡುತ್ತ ಸರದಿ ಹಿಂದೆ ಸರಿಯಿತು, ಮಗಳಿಗೆ ಇಪ್ಪತ್ತೊಂದಾಯಿತು. ಎರಡು ವರ್ಷದ ಕೂಸಾಗಿ ಈ ದೇಶಕ್ಕೆ ಬಂದವಳು, ದೇಶ ಬಿಡಬೇಕಾಗಿ ಬಂದು, ಈಗ ಟೊರಾಂಟೊದಲ್ಲಿ ಒಬ್ಬಳೇ ಇದ್ದಾಳೆ.

ಸರ್ಕಾರದ ರೂಲ್ಸೇ ಹಾಗಮ್ಮ, ಅಂತ ಅಣ್ಣ ಅವಳಿಗೆ ಹೇಳಿದ್ದ. ತಾನು ತಡಮಾಡಿದ್ದನ್ನು ಹೇಳಲಿಲ್ಲ. ಅವಳು ಅದನ್ನೇ ನಂಬಿದಳು. ಮಾಮನ ಮಾತೆಂದರೆ ಅವಳಿಗೆ ವೇದವಾಕ್ಯ.

ಸಭೆಯ ಕೊನೆಗೆ ಟೊರಾಂಟೊದಿಂದ ಅವಳನ್ನು ವಿಡಿಯೋ ಕಾಲ್‌ನಲ್ಲಿ ದೊಡ್ಡ ಪರದೆಗೆ ಕರೆಸಿದರು. ಅತ್ತು ಅತ್ತು ಕಣ್ಣು ಊದಿತ್ತು.

"ಮಾಮ ಇದ್ದಿದ್ರೆ ಹೇಗಾದ್ರೂ ಮಾಡಿ ನನ್ನನ್ನ ಮನೆಗೆ ಕರ್ಕೊಂಡ್ ಬರ್ತಿದ್ರು," ಅಂದಳು. "ಹಿ ಪ್ರಾಮಿಸ್ಡ್ ಮೀ."

ಪಕ್ಕದಲ್ಲಿದ್ದ ಆಂಟಿ ನನ್ನ ಕೈ ಹಿಡಿದು, ಇಂಥ ಅಣ್ಣನನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂದರು.

ಹೌದು ಆಂಟಿ, ಅಂದೆ. ಪರದೆಯಿಂದ ಮಗಳು ನನ್ನನ್ನೇ ನೋಡುತ್ತಿದ್ದಳು.