ಹಿಮದ ದಾರಿಗೆ ಹೊರಟ ಇಂದುಮತಿ ಅತ್ತೆ

ಮೇ ತಿಂಗಳ ಉರಿಬಿಸಿಲಲ್ಲಿ, ನಾರಾಯಣಗೂಡದ ನಮ್ಮ ಓಣಿಯಲ್ಲಿ, ಇಂದುಮತಿ ಅತ್ತೆ ದಪ್ಪನೆಯ ಉಣ್ಣೆಯ ಕೈಗವಸು ತೊಟ್ಟು ಕಾರಿನ ಮುಂದಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಬಿಗಿಯುತ್ತಿದ್ದರು. ಎದುರುಮನೆಯವರು ಬಾಲ್ಕನಿಯಿಂದ ಬಗ್ಗಿ ‘ಎಕ್ಕಡಿಕಿ ಮೇಡಂ?’ ಎಂದು, ಎಲ್ಲಿಗೆ ಹೊರಟಿರೆಂದು ತೆಲುಗಿನಲ್ಲಿ ಕೇಳಿದರೆ, ತಲೆಯೆತ್ತದೆ ‘ಹಿಮಾಲಯ’ ಎನ್ನುತ್ತಿದ್ದರು, ಇಲ್ಲೇ ಕೋಠಿಯ ಪೇಟೆಗೆ ಹೋಗಿ ಬರುವೆನೆಂಬ ದನಿಯಲ್ಲಿ.

ಅತ್ತೆ ನನ್ನ ಅಪ್ಪನ ಅಕ್ಕ. ಕಲಬುರಗಿಯಿಂದ ಬಂದು, ಇಲ್ಲಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿದ್ದರು. ಸೀರೆಯ ನೆರಿಗೆ ತುಸು ಮೇಲಕ್ಕೆ ಸಿಕ್ಕಿಸಿಕೊಂಡು ಕಾರು ಓಡಿಸುತ್ತಿದ್ದರು. ಆಗ ಊರಂಚಿನ ಮಾದಾಪುರದಲ್ಲಿ ನೋಡುನೋಡುತ್ತಿದ್ದಂತೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದೊಂದರಲ್ಲಿ ನನಗೆ ಹೊಸ ಕೆಲಸ. ಬರುವ ಚಳಿಗಾಲಕ್ಕೆ ನಾವಿಬ್ಬರೂ ಕಾರಿನಲ್ಲೇ ಹಿಮಾಲಯದ ಸ್ಪಿತಿಗೆ ಹೋಗುವುದೆಂದು ಅತ್ತೆ ಹೇಳಿದಾಗ ಅಪ್ಪನ ತುತ್ತು ಕೈಯಲ್ಲೇ ಉಳಿಯಿತು.

‘ಅಕ್ಕಾ, ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕು?’

‘ಜೀವಮಾನ ಎಲ್ಲಾ ಹುಡುಗೀರಿಗೆ ಹಿಮದ ಪಾಠ ಹೇಳೀನಿ ತಮ್ಮಾ. ಒಮ್ಮೆ ಕಾಲಿಟ್ಟು ನೋಡಬ್ಯಾಡೇನು?’

ಮುಂದಿನ ತಿಂಗಳುಗಳೆಲ್ಲ ತಯಾರಿಯಲ್ಲೇ ಕಳೆದವು. ಎಂಜಿನ್ನಿಗೆ ಚಳಿಯಲ್ಲಿ ಹೆಪ್ಪುಗಟ್ಟದ ಕೂಲೆಂಟ್ ಹಾಕಿಸಿದ್ದಾಯಿತು. ಡಿಕ್ಕಿಯಲ್ಲಿ ಸಲಿಕೆ, ಹಗ್ಗ, ಕಂಬಳಿ, ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ಗಡ್ಡೆ ತಂದು ಬಕೆಟ್ಟಿನ ನೀರಿಗೆ ಹಾಕಿ, ಅದರಲ್ಲಿ ಕೈ ಮರಗಟ್ಟುವವರೆಗೆ ಅದ್ದಿ, ಆಮೇಲೆ, ಹಿಮದಲ್ಲಿ ಚಕ್ರ ಜಾರದಂತೆ ಕಟ್ಟುವ ಆ ಸರಪಳಿಯ ಕೊಂಡಿ ಹಾಕಬೇಕು. ನಾನು ಗೊಣಗಿದರೆ, ‘ಇನ್ನೊಮ್ಮೆ ಹಾಕು. ಅಲ್ಲಿ ನಿನ್ನ ಬೆರಳು ನಿನ್ನ ಮಾತು ಕೇಳಂಗಿಲ್ಲ’ ಎನ್ನುತ್ತಿದ್ದರು.

ಚಳಿಗಾಲದಲ್ಲಿ ಹೊರಟು, ಬಯಲು ದಾರಿಯುದ್ದಕ್ಕೂ ಇಬ್ಬರೂ ಸರದಿಯಂತೆ ಕಾರು ಓಡಿಸಿದೆವು; ಗುಡ್ಡ ಶುರುವಾದ ಮೇಲೆ ಅತ್ತೆಯೇ ಓಡಿಸಿದರು. ಕಿನ್ನೌರ್ ದಾಟಿ, ಹೋಗಬೇಕಾದ ಹಳ್ಳಿಗೆ ಅರ್ಧ ದಿನದ ದಾರಿ ಉಳಿದಿರುವಾಗ ಹಿಮ ಸುರಿಯತೊಡಗಿತು. ಎದುರಿಗೆ ಬಂದ ಬಸ್ಸಿನ ಡ್ರೈವರ್ ಮೇಲೆ ರಸ್ತೆ ಕೆಟ್ಟಿದೆ ಎಂದ. ಅತ್ತೆ ಕಾರು ತಿರುಗಿಸಿದರು. ನನಗೆ ಅಳುವೇ ಬಂತು.

‘ಇಷ್ಟೆಲ್ಲಾ ತಯಾರಿ ಮಾಡಿ ವಾಪಸ್ ಹೋಗೂದಾ ಅತ್ತಿ?’

‘ವಾಪಸ್ ಬರಾಕೂ ತಯಾರಿ ಮಾಡೀವಲ್ಲ. ಇಳಿ, ಸರಪಳಿ ಹಾಕೂಣು.’

ಇಬ್ಬರ ಬೆರಳುಗಳೂ ಮಾತು ಕೇಳಿದವು. ಇಳಿಜಾರಿನಲ್ಲಿ ನಮ್ಮ ಹಿಂದಿದ್ದ ಕಾರು ಜಾರಿ ಗುಡ್ಡಕ್ಕೆ ಒರಗಿತು. ನಮ್ಮದು ಆಮೆಯಂತೆ ಇಳಿಯಿತು. ಅತ್ತೆ ಕಾರು ನಿಲ್ಲಿಸಿ, ಸಲಿಕೆ ಹಿಡಿದು ಹಿಂದಕ್ಕೆ ನಡೆದರು. ಆ ಕಾರಿನವರನ್ನು ಬಿಡಿಸಿಯೇ ನಾವು ಕೆಳಗಿನ ಊರಿಗೆ ಬಂದದ್ದು.

ಕೆಲವು ದಿನ ಕಾದೆವು. ರಸ್ತೆ ತೆರವಾದ ಬೆಳಿಗ್ಗೆ ಅತ್ತೆ ಮತ್ತೆ ಹೊರಟು, ಸ್ಟೇರಿಂಗ್ ನನಗೆ ಕೊಡದೆ, ಆ ಹಳ್ಳಿ ಮುಟ್ಟಿಸಿದರು. ಕಾರಿನಿಂದಿಳಿದು ಬೆಳ್ಳನೆಯ ಬಯಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಂತರು. ಮತ್ತೆ ನಾಲ್ಕು ಇಟ್ಟರು.

‘ಕೇಳಿದೇನು? ತುಳಿದ್ರ ಸಪ್ಪಳ ಬರತೈತಿ. ಇದನ್ನ ಯಾವ ಪುಸ್ತಕದಾಗೂ ಬರೆದಿದ್ದಿಲ್ಲ’ ಎಂದರು. ಅವರ ಮುಖವನ್ನು ಅಷ್ಟು ಎಳೆಯದಾಗಿ ನಾನೆಂದೂ ನೋಡಿರಲಿಲ್ಲ.

ವರ್ಷಗಳ ನಂತರ ಅವರು ಆಸ್ಪತ್ರೆಯಲ್ಲಿದ್ದಾಗ, ಕಡೆಯ ಸಲ ನೋಡಲು ಹೋದೆ. ದನಿ ಸಣ್ಣಗಾಗಿತ್ತು. ನರ್ಸಿಗೆ ನನ್ನನ್ನು ತೋರಿಸಿ, ‘ನನ್ನ ತಮ್ಮನ ಮಗಳು. ಹಿಮಾಲಯದ ತನಕ ಗಾಡಿ ಹೊಡದಾಕಿ’ ಎಂದರು.

‘ಇಲ್ಲ ಸಿಸ್ಟರ್’ ಎಂದೆ ನಾನು. ‘ಗುಡ್ಡದಾಗ ಗಾಡಿ ಹೊಡದವರು ಇವರು. ನಾ ಬಾಜೂಕ ಕೂತಿದ್ದೆ.’

ನರ್ಸ್ ಕೆಲಸ ನಿಲ್ಲಿಸಿ ಅತ್ತೆಯ ಕಡೆ ತಿರುಗಿದಳು. ಅತ್ತೆ ದಿಂಬಿನ ಮೇಲೆ ತುಸು ನೆಟ್ಟಗಾದರು.